ವೆರ್ನರ್ ಸೀಮೆನ್ಸನೂ ಅವನ ಮನೆತನವೂ

ಜರ್ಮನಿ ದೇಶದಲ್ಲಿ ಹ್ಯಾನೋವರ್ ಪಟ್ಟಣದ ಸಮೀಪದಲ್ಲಿ ಲೆಂಟೆ ಎಂಬ ಗ್ರಾಮವುಂಟು. ಅಲ್ಲಿ ದೊಡ್ಡದೊಂದು ಜಮೀನನ್ನು ಗೇಣಿಗೆ ಹಿಡಿದು ಸಾಗುವಳಿ ಮಾಡಿಕೊಂಡಿದ್ದ ಕ್ರಿಸ್ಟಿಯಾನ್ ಫೆರ್ಡಿನಾಂಡ್ ಸೀಮೆನ್ಸ್ ಎಂಬವನಿಗೂ ಅವನ ಪತ್ನಿ ಎಲಿಯೊನೋರಳಿಗೂ ಹುಟ್ಟಿದ ೧೪ ಮಂದಿ ಮಕ್ಕಳಲ್ಲಿ ವೆರ್ನರನು ನಾಲ್ಕನೆಯವನು. ಜನನವು ೧೮೧೬ನೆಯ ಇಸವಿ ಡಿಸೆಂಬರ್ ೧೩ನೆಯ ತಾರೀಖು. ಆತನ ಅಕ್ಕ ಮಟಿಲ್ಡಾ ಎಂಬವಳು ಕೈಗೆಲಸ ಕಲಿಯುವುದಕ್ಕಾಗಿ ಆ ಊರಿನ ಪಾದ್ರಿಯ ಮನೆಗೆ ಹೋಗಬೇಕಾಗಿತ್ತು. ಆ ಮನೆಯ ಅಂಗಳದ ಬಾಗಿಲಲ್ಲಿ ಒಂದು ಗಂಡು ಹೆಬ್ಬಾತು ಕಾದುಕೊಂಡಿದ್ದು, ಹುಡುಗಿಯನ್ನು ಕಂಡೊಡನೆ ಕತ್ತು ಚಾಚಿ ಬುಸುಗುಟ್ಟುತ್ತಾ ಮೈಮೇಲೆ ಬರುತ್ತಿತ್ತು. ಒಂದು ದಿನ ಆಕೆಯು ಅಳುತ್ತಾ ಮನೆಗೆ ಹಿಂದಿರುಗಿ, ಇನ್ನು ಅಲ್ಲಿಗೆ ಹೋಗಲೊಲ್ಲೆನೆಂದಳು. ಆಗ ತಂದೆಯು ಇನ್ನೂ ಬಾಲಕನಾಗಿದ್ದ ವೆರ್ನರನ ಕೈಗೆ, ಅವನಿಗಿಂತಲೂ ಉದ್ದವಾದ ಒಂದು ಕೋಲನ್ನು ಕೊಟ್ಟು, ಅಕ್ಕನನ್ನು ಕರೆದುಕೊಂಡು ಹೋಗಿ ಬಿಟ್ಟು ಬರುವಂತೆ ಅಪ್ಪಣೆ ಮಾಡಿದನು. ಬಾಗಿಲನ್ನು ತೆರೆದಾಗ ಹೆಬ್ಬಾತು ಎಂದಿನಂತೆ ನುಗ್ಗಿತು. ಅಕ್ಕನು ಚೀರಿ ಹಿಂದಕ್ಕೆ ಓಡಿದಳು. ತಮ್ಮನಿಗೂ ಓಡಬೇಕೆಂದೇ ಮನಸ್ಸಾಯಿತು. ಆದರೆ ತಂದೆಯ ಮಾತನ್ನು ನಂಬಿ, ಎರಡು ಕಣ್ಣುಗಳನ್ನೂ ಬಿಗಿಯಾಗಿ ಮುಚ್ಚಿಕೊಂಡು, ಕೋಲನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ ಮುಂದಕ್ಕೆ ನಡೆದನು. ಕಣ್ಣು ತೆರೆಯುವಷ್ಟರಲ್ಲಿ ಹೆಬ್ಬಾತೇ ಓಡಿಹೋಗುತ್ತಿತ್ತು.

ಆ ತಂದೆಯೂ ಸಾಮಾನ್ಯನಲ್ಲ. ಅರಸನ ಬೇಟೆಗೆಂದು ಕಾಯ್ದಿಟ್ಟ ಜಿಂಕೆಗಳು ರಾತ್ರಿಯಲ್ಲಿ ಹಿಂಡುಹಿಂಡಾಗಿ ಬಂದು ಒಕ್ಕಲಿಗರ ಬೆಳೆಯನ್ನೆಲ್ಲಾ ಮೇದುಹೋಗುತ್ತಿದ್ದವು. ಅವುಗಳನ್ನು ಮುಟ್ಟಿದರೆ ದಂಡನೆ. ಒಮ್ಮೆ ಆತನು ತನ್ನ ಆಳುಗಳೊಡನೆ ಒಂದು ಹಿಂಡನ್ನೇ ಅಟ್ಟಿ ಕಣಜದ ಕೊಟ್ಟಿಗೆಯಲ್ಲಿ ಕೂಡಿಹಾಕಿ, ಇವುಗಳನ್ನು ಎಲ್ಲಿಗೆ ಒಪ್ಪಿಸಬೇಕೆಂದು ಸರ್ಕಾರವನ್ನು ಕೇಳಿ ಕಳುಹಿಸಿದನು. ಬಂದ ಉತ್ತರವು ಭಾರಿ ಜುಲ್ಮಾನೆ! ಇಂಥ ನಾಡಿನಲ್ಲಿ ಒಕ್ಕಲುತನವು ಸಾಕೆಂದು ಬೇಸತ್ತು, ೧೮೨೩ರಲ್ಲಿ ಸಂಸಾರವನ್ನೆಲ್ಲಾ ಕಟ್ಟಿಕೊಂಡು ಮೆಕ್ಲೆನ್‌ಬುರ್ಗ್ ಸೀಮೆಯ ಮೆಂಟ್ಸೆನ್‌ಡೋರ್ಫ್ ಎಂಬಲ್ಲಿಗೆ ಹೋಗಿ ನೆಲೆಸಿದನು. ಅಲ್ಲಿಯೂ ಐಶ್ವರ್ಯವೇನೂ ಕೈಗೂಡಲಿಲ್ಲ. ಮಕ್ಕಳು ಹೆಚ್ಚಿದರು, ಧಾನ್ಯದ ಬೆಲೆ ಇಳಿಯಿತು.

ವೆರ್ನರನು ಲ್ಯೂಬೆಕ್ ಪಟ್ಟಣದ ಶಾಲೆಯಲ್ಲಿ ಓದಿದನು. ಲ್ಯಾಟಿನ್ ಗ್ರೀಕ್ ವ್ಯಾಕರಣಗಳಲ್ಲಿ ಆತನಿಗೆ ರುಚಿಯಿರಲಿಲ್ಲ. ಗಣಿತದಲ್ಲಿಯೂ ಕಟ್ಟಡದ ವಿದ್ಯೆಯಲ್ಲಿಯೂ ಮನಸ್ಸಿತ್ತು. ಬರ್ಲಿನ್ ನಗರದ ಶಿಲ್ಪಶಾಲೆಗೆ ಸೇರುವುದಕ್ಕೆ ಹಣವೆಲ್ಲಿ? ಪ್ರಷ್ಯದ ಸೈನ್ಯಕ್ಕೆ ಸೇರಿದರೆ ಇಂಜಿನಿಯರಿಂಗ್ ಶಾಲೆಯಲ್ಲಿ ಖರ್ಚಿಲ್ಲದೆ ಓದಬಹುದೆಂದು ಒಬ್ಬ ಉಪಾಧ್ಯಾಯನು ತಿಳಿಸಿದನು. ೧೭ ವರ್ಷದ ಹುಡುಗನು ೧೮೩೪ರಲ್ಲಿ ತಂದೆಯ ಒಪ್ಪಿಗೆಯನ್ನು ಪಡೆದು, ಗಂಟನ್ನು ಹೆಗಲಿಗೆ ಹಾಕಿಕೊಂಡು ಬರ್ಲಿನ್ನಿಗೆ ನಡೆದೇ ಹೋದನು. ಮಾಗ್ಡೆಬುರ್ಗಿನ ಫಿರಂಗಿ ದಳದಲ್ಲಿ ಅವನಿಗೆ ಸ್ಥಳ ದೊರೆಯಿತು. ೧೮೩೫ರಿಂದ ಮೂರು ವರ್ಷ ಬರ್ಲಿನ್ನಿನ ಸೈನ್ಯದ ಶಾಲೆಯಲ್ಲಿ ಗಣಿತ, ಪದಾರ್ಥವಿಜ್ಞಾನ, ರಸಾಯನಶಾಸ್ತ್ರಗಳನ್ನು ಅಭ್ಯಾಸ ಮಾಡಿ ಆತನು ಅಧಿಕಾರಿಯಾದನು.

೧೮೩೯ನೆಯ ಜುಲೈ ತಿಂಗಳಲ್ಲಿ ತಾಯಿ ತೀರಿಕೊಂಡಳು. ಆಕೆಯನ್ನು ಬಿಟ್ಟು ತಂದೆಯು ಬಹು ದಿನ ಬಾಳಲಿಲ್ಲ. ಆರು ತಿಂಗಳಲ್ಲಿ ಅವನೂ ಹೋದನು. ಆಗ ವೆರ್ನರನಿಗೆ ೨೩ ವರ್ಷ. ಕೈಯಲ್ಲಿದ್ದುದು ಕಿರಿಯ ಸೈನ್ಯಾಧಿಕಾರಿಯ ಅಲ್ಪ ಸಂಬಳ. ಹಿಂದೆ ಇದ್ದವರು ತಮ್ಮಂದಿರ ಮತ್ತು ತಂಗಿಯರ ಒಂದು ಸಾಲು. ಅವರಲ್ಲಿ ಕೆಲವರು ಇನ್ನೂ ಎಳೆಯ ಮಕ್ಕಳು. ನೆಂಟರು ಒಬ್ಬಿಬ್ಬರನ್ನು ಕರೆದುಕೊಂಡು ಹೋದರೆಂಬುದು ನಿಜವೇ. ಆದರೂ ಈ ಎಲ್ಲರ ವಿದ್ಯೆಯೂ ಬಾಳುವೆಯೂ ತನ್ನ ಹೊಣೆಯೆಂದು ಆತನು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡನು. ಸೀಮೆನ್ಸನ ಯಂತ್ರಗಳ ವಿಷಯವನ್ನು ನಮ್ಮ ಹೆಣ್ಣುಮಕ್ಕಳು ಪದಾರ್ಥವಿಜ್ಞಾನದ ಪುಸ್ತಕಗಳಲ್ಲಿ ಓದಿಯೇ ಇರುವರು. ವಿದ್ಯುತ್ತಿನ ಒಂದು ಅಳತೆಗೂ ಆತನ ಹೆಸರಿದೆ. ಆ ಯಂತ್ರಗಳ ಹಿಂದೆ ತಬ್ಬಲಿ ಮಕ್ಕಳ ಒಂದು ಮನೆ ಇದ್ದಿತೆಂಬುದು ಅಷ್ಟಾಗಿ ತಿಳಿಯದ ಸಂಗತಿಯಾದುದರಿಂದ ಅದನ್ನೇ ಇಲ್ಲಿ ಹೆಚ್ಚಾಗಿ ಹೇಳಬೇಕೆಂದಿದ್ದೇವೆ.

ತಂದೆತಾಯಿಗಳು ಬದುಕಿದ್ದಾಗಲೇ ತಮ್ಮನಾದ ವಿಲ್‌ಹೆಲ್ಮನನ್ನು ಆತನು ಮಾಗ್ಡೆಬುರ್ಗಿಗೆ ಕರೆತಂದು ಶಾಲೆಗೆ ಸೇರಿಸಿದ್ದನು. ಶಾಲೆಯಲ್ಲಿ ಗಣಿತದ ಪಾಠವನ್ನು ಬಿಡಿಸಿ, ಆ ಹೊತ್ತಿನಲ್ಲಿ ಇಂಗ್ಲಿಷ್ ಕಲಿಯುವಂತೆ ಏರ್ಪಾಟು ಮಾಡಿದನು. ಗಣಿತವನ್ನು ತಾನೇ ಬೆಳಗಿನ ಜಾವ ಐದು ಗಂಟೆಯಿಂದ ಏಳು ಗಂಟೆಯ ವರೆಗೆ ಹೇಳಿಕೊಡುತ್ತಿದ್ದನು. ಆ ಮೇಲೆ ಕವಾಯತಿಗೆ ಹೋಗುವನು. ಈ ಇಂಗ್ಲಿಷು ಮುಂದೆ ಆ ಮನೆಗೆ ಎಷ್ಟು ಉಪಕಾರವಾಯಿತೆಂಬುದನ್ನು ನೋಡುವೆವು.

ಹೀಗಿರಲಾಗಿ ಒಂದು ಅನರ್ಥ ಸಂಭವಿಸಿತು. ಇಬ್ಬರು ಅಧಿಕಾರಿಗಳ ನಡುವೆ ನಡೆದ ದ್ವಂದ್ವಯುದ್ಧದಲ್ಲಿ ವೆರ್ನರನು ತನ್ನ ಸ್ನೇಹಿತನ ಪಕ್ಷಕ್ಕೆ ಸಾಕ್ಷಿಯಾಗಿ ನಿಂತನು. ಅದು ಕಾಯಿದೆಗೆ ವಿರುದ್ಧವಾದುದರಿಂದ ಅವನಿಗೆ ಕೋಟೆಯ ಸೆರೆವಾಸದ ಶಿಕ್ಷೆಯಾಯಿತು. ತಮ್ಮತಂಗಿಯರ ಭಾರವನ್ನು ಹೊತ್ತವನು ಇಂಥ ಹುಡುಗಾಟಿಕೆಗೆ ಹೋಗಬಾರದಾಗಿತ್ತೆಂದು ನಮಗೆ ತೋರುವುದು. ಆದರೆ ಆ ಕಾಲದ ಸೈನ್ಯದಲ್ಲಿ ಹಿಂಜರಿದವನಿಗೆ ಮರ್ಯಾದೆಯಿರಲಿಲ್ಲ. ಸೆರೆಮನೆಗೆ ಹೋಗುವ ದಾರಿಯಲ್ಲಿಯೇ ಆತನು ರಸಾಯನದ್ರವ್ಯಗಳನ್ನು ಗೊತ್ತುಮಾಡಿ, ಅವು ಗುಟ್ಟಾಗಿ ತನ್ನ ಕೋಣೆಗೆ ಬರುವಂತೆ ಮಾಡಿಕೊಂಡನು. ವಿದ್ಯುತ್ಪ್ರವಾಹದಿಂದ ಲೋಹಕ್ಕೆ ಚಿನ್ನದ ಗಿಲೀಟು ಕೊಡುವ ವಿಧಾನವನ್ನು ಬಹಳ ದಿನಗಳಿಂದ ಹುಡುಕುತ್ತಿದ್ದನು. ಆ ಕೋಣೆಯಲ್ಲಿ ಒಂದು ಚಿನ್ನದ ನಾಣ್ಯವನ್ನೂ ಒಂದು ಚಮಚವನ್ನೂ ದ್ರವದೊಳಗಿಟ್ಟು ತಂತಿಯನ್ನು ಜೋಡಿಸಿದಾಗ, ಚಮಚವು ಕ್ಷಣಮಾತ್ರದಲ್ಲಿ ಹೊಂಬಣ್ಣ ತಾಳಿತು. ಊರಿನ ಒಬ್ಬ ಚಿನಿವಾರನು ಸೆರೆಮನೆಗೇ ಬಂದು ಹಣ ಕೊಟ್ಟು ಆ ವಿಧಾನವನ್ನು ಕೊಂಡನು. ಅಷ್ಟರಲ್ಲಿ ಅರಸನ ಕ್ಷಮಾಪಣೆಯ ಪತ್ರವು ಬಂದಿತು. ವೆರ್ನರನಿಗೆ ಇದರಿಂದ ಸಂತೋಷಕ್ಕಿಂತ ಚಿಂತೆಯೇ ಹೆಚ್ಚಾಯಿತು. ಹೊರಗೆ ಹೋದರೆ ಪ್ರಯೋಗಶಾಲೆಯಿಲ್ಲ. ಇನ್ನೂ ಕೆಲವು ದಿನ ಸೆರೆಯಲ್ಲಿಯೇ ಇರಿಸಬೇಕೆಂದು ಅರ್ಜಿ ಬರೆದುಕೊಂಡನು! ದೊರೆಯ ಕರುಣೆಗೆ ಇದು ಕೃತಘ್ನತೆಯೆಂದು ಭಾವಿಸಿದ ಕೋಟೆಯ ಅಧಿಕಾರಿಯು ನಡುರಾತ್ರಿಯಲ್ಲಿಯೇ ಅವನನ್ನು ಹೊರಡಿಸಿದನು. ಈ ವಿಧಾನಕ್ಕೆ ೧೮೪೨ರಲ್ಲಿ ಪ್ರಷ್ಯದ ಸನದು ದೊರೆಯಿತು.

ಅದನ್ನು ಮಾರುವುದಕ್ಕಾಗಿ ೧೮೪೩ರಲ್ಲಿ ವಿಲ್‌ಹೆಲ್ಮನು ಇಂಗ್ಲೆಂಡಿಗೆ ಹೋದನು. ಲಂಡನ್ನಿನಲ್ಲಿ ಯಾರ ಪರಿಚಯವೂ ಇರಲಿಲ್ಲ. ಒಂದು ಅಂಗಡಿಯ ಮೇಲೆ ಅಂಡರ್‌ಟೇಕರ್ ಎಂದು ಬರೆದಿರುವುದನ್ನು ಕಂಡು, ಹೊಸ ಕಾರ್ಯಗಳನ್ನು ಕೈಕೊಳ್ಳುವವನು ಇವನೇ ಇರಬೇಕೆಂದು ಒಳಕ್ಕೆ ಹೋದನಂತೆ. ಅದು ಹೆಣದ ಪೆಟ್ಟಿಗೆಗಳನ್ನು ಮಾಡಿ ಶವಸಂಸ್ಕಾರ ನಡೆಸುವವನ ಅಂಗಡಿಯಾಗಿತ್ತು. ಕಡೆಗೆ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಎಂಬ ವರ್ತಕರು ಒಳ್ಳೆಯ ಬೆಲೆಗೆ ಕೊಂಡರು. ಆ ಹಣದಿಂದ ಕಿರಿಯರ ವಿದ್ಯಾಭ್ಯಾಸಕ್ಕೆ ಆಧಾರವಾಯಿತು. ಆ ಬಳಿಕ ಅಣ್ಣತಮ್ಮಂದಿರು ಒಂದರ ಮೇಲೊಂದು ಹೊಸ ಯುಕ್ತಿಗಳ ಬೆನ್ನು ಹತ್ತಿ ಗಳಿಸಿದುದನ್ನು ಕಳೆದುಕೊಂಡುದೂ ಉಂಟು.

ಆ ದಿನಗಳಲ್ಲಿ ತಂತಿಯ ಮೂಲಕ ಸಮಾಚಾರ ಕಳುಹಿಸುವ ವಿದ್ಯೆಯು ಹೊಸದಾಗಿತ್ತು. ೧೮೪೬ರ ಹೊತ್ತಿಗೆ ವೆರ್ನರನು ಮುಳ್ಳೊಂದು ಅಕ್ಷರಗಳ ಮೇಲೆ ತಿರುಗಿ ನಿಂತು ಸಮಾಚಾರವನ್ನು ತೋರಿಸುವ ಯಂತ್ರವೊಂದನ್ನು ಯೋಚಿಸಿದನು. ಸಿಗಾರಿನ ಪೆಟ್ಟಿಗೆಗಳು, ತಗಡು, ಕಬ್ಬಿಣದ ಚೂರುಗಳು, ಒಂದಿಷ್ಟು ತಾಮ್ರದ ತಂತಿ, ಇಷ್ಟೇ ಸಾಮಗ್ರಿಯಿಂದ ಅದರ ಮಾದರಿಯನ್ನು ಮಾಡಿದನು. ಯೋಹಾನ್ ಗೇಯೋರ್ಗ್ ಹಾಲ್ಸ್ಕೆ ಎಂಬ ಕುಶಲನಾದ ಯಂತ್ರಶಿಲ್ಪಿಯು ಮೊದಲು ಇದನ್ನು ನಂಬಲಿಲ್ಲ. ಆ ಸಿಗಾರಿನ ಪೆಟ್ಟಿಗೆ ತಪ್ಪಿಲ್ಲದೆ ಕೆಲಸ ಮಾಡುವುದನ್ನು ಕಂಡಮೇಲೆ ತನ್ನ ಇದ್ದ ಅಂಗಡಿಯನ್ನೇ ಬಿಟ್ಟು ಬಂದನು. ಇನ್ನೊಂದು ತೊಡಕೇನೆಂದರೆ, ನೆಲದಲ್ಲಿ ಹೂಳಿದ ತಂತಿಗೆ ನೀರು ಸೋಕಿ ವಿದ್ಯುತ್ತು ಸೋರಿಹೋಗುತ್ತಿತ್ತು. ಮಲಯ ದೇಶದ ಮರಗಳ ಹಾಲಿನಿಂದಾಗುವ ಗಟ್ಟಾಪರ್ಚ ಎಂಬ ವಸ್ತುವಿನ ತುಣುಕೊಂದನ್ನು ವಿಲ್‌ಹೆಲ್ಮನು ಲಂಡನ್ನಿನಿಂದ ಕುತೂಹಲಕ್ಕಾಗಿ ಅಣ್ಣನಿಗೆ ಕಳುಹಿಸಿದ್ದನು. ಅದನ್ನು ಬಿಸಿಮಾಡಿ ತಂತಿಯ ಸುತ್ತಲೂ ಹೊಲಿಗೆಯಿಲ್ಲದ ಹೊದಿಕೆಯಾಗಿ ಒತ್ತುವ ಯಂತ್ರವನ್ನು ವೆರ್ನರನೂ ಹಾಲ್ಸ್ಕೆಯೂ ಮಾಡಿದರು. ದಾಯಾದಿಯಾದ ಒಬ್ಬ ನ್ಯಾಯವಾದಿಯು ೬,೮೪೨ ಥಾಲರುಗಳನ್ನು ಬಂಡವಾಳವಾಗಿ ಕೊಟ್ಟನು. ೧೮೪೭ನೆಯ ಅಕ್ಟೋಬರಿನಲ್ಲಿ ಬರ್ಲಿನ್ನಿನ ಒಂದು ಹಿತ್ತಿಲ ಮನೆಯಲ್ಲಿ ಹತ್ತು ಮಂದಿ ಕೆಲಸಗಾರರಿಂದ ಸೀಮೆನ್ಸ್ ಮತ್ತು ಹಾಲ್ಸ್ಕೆ ಎಂಬ ಕಾರ್ಖಾನೆಯು ಆರಂಭವಾಯಿತು. ವೆರ್ನರನು ಆಗಲೂ ಸೈನ್ಯದ ಸಮವಸ್ತ್ರದಲ್ಲಿಯೇ ಇದ್ದನು.

ಮರುವರ್ಷವೇ ಡೇನರೊಡನೆ ಯುದ್ಧವುಂಟಾಯಿತು. ಹೆಬ್ಬಾತಿಗೆ ಹೆದರಿದ ಆ ಅಕ್ಕ ಮಟಿಲ್ಡಾಳು ಈಗ ಹಿಮ್ಲಿ ಎಂಬ ರಸಾಯನಶಾಸ್ತ್ರದ ಪ್ರೊಫೆಸರನ ಪತ್ನಿಯಾಗಿ ಸಮುದ್ರತೀರದ ಕೀಲ್ ನಗರದಲ್ಲಿ ವಾಸವಾಗಿದ್ದಳು. ಡೇನರ ಯುದ್ಧನೌಕೆಗಳು ಬಂದು ಊರಿನ ಮೇಲೆ ಗುಂಡು ಹಾರಿಸುವುವೆಂಬ ಭಯದಿಂದ ಆಕೆಯು ತಮ್ಮನಿಗೆ ಕಾಗದ ಬರೆದಳು. ವೆರ್ನರನು ರಜೆ ಪಡೆದು ಅಲ್ಲಿಗೆ ಧಾವಿಸಿ, ಭಾವನ ಸಹಾಯದಿಂದ ತೋಪಿನ ಮದ್ದನ್ನು ನೀರು ಹೊಗದಂತೆ ಪೀಪಾಯಿಗಳಲ್ಲಿ ತುಂಬಿ ರೇವಿನ ನೀರಿನಲ್ಲಿ ಮುಳುಗಿಸಿ, ದಡದಿಂದಲೇ ವಿದ್ಯುತ್ತಿನಿಂದ ಹೊತ್ತಿಸುವಂತೆ ತಂತಿಗಳನ್ನು ಎಳೆದನು. ವಿದ್ಯುತ್ತಿನಿಂದ ಸಿಡಿಸುವ ಸಮುದ್ರದ ಸಿಡಿಗುಂಡುಗಳಲ್ಲಿ ಇವು ಬಹು ಮೊದಲಿನವು. ರೇವಿನ ಬಾಯಲ್ಲಿದ್ದ ಫ್ರೀಡ್ರಿಕ್ಸೋರ್ಟ್ ಕೋಟೆಯನ್ನೂ ಊರಿನ ಜನರ ಒಂದು ಪಡೆಯೊಡನೆ ಹಿಡಿದು ಕಾಯ್ದನು. ಡೇನರ ನೌಕೆಗಳು ಒಳಕ್ಕೆ ಬರಲಿಲ್ಲ. ಸಿಡಿಗುಂಡುಗಳನ್ನು ಅವರ ಮೇಲೆ ಹಾರಿಸುವ ಅಗತ್ಯವೂ ಬೀಳಲಿಲ್ಲ.

ಆ ಮೇಲೆ ಬರ್ಲಿನ್ನಿನಿಂದ ಫ್ರಾಂಕ್‌ಫರ್ಟಿನ ವರೆಗೆ ಸುಮಾರು ೫೦೦ ಕಿಲೋಮೀಟರು ತಂತಿ ಎಳೆಯುವ ಕೆಲಸವು ಆತನಿಗೆ ಬಂದಿತು. ೧೮೪೯ನೆಯ ಮಾರ್ಚ್ ೨೮ರಂದು ಫ್ರಾಂಕ್‌ಫರ್ಟಿನ ಸಭೆಯಲ್ಲಿ ಪ್ರಷ್ಯದ ಅರಸನನ್ನು ಚಕ್ರವರ್ತಿಯನ್ನಾಗಿ ಆರಿಸಿದ ಸುದ್ದಿಯು ಒಂದು ಗಂಟೆಯೊಳಗಾಗಿಯೇ ಬರ್ಲಿನ್ನಿಗೆ ಮುಟ್ಟಿದಾಗ ಜನರು ಬೆರಗಾದರು. ಅದೇ ವರ್ಷ ವೆರ್ನರನು ಸೈನ್ಯಕ್ಕೆ ರಾಜೀನಾಮೆ ಕೊಟ್ಟು ಪೂರ್ಣವಾಗಿ ಕಾರ್ಖಾನೆಯವನಾದನು. ಸುಖವೇನೂ ಕಾದಿರಲಿಲ್ಲ. ಆತುರದಲ್ಲಿ ಸಾಕಷ್ಟು ಆಳವಿಲ್ಲದೆ ಹೂಳಿದ ತಂತಿಗಳು ಕೆಡಲಾರಂಭಿಸಿದವು. ಈ ವಿಷಯದಲ್ಲಿ ಸರ್ಕಾರಕ್ಕೂ ಆತನಿಗೂ ವೈಮನಸ್ಯ ಬೆಳೆದು, ೧೮೫೧ರಲ್ಲಿ ಪ್ರಷ್ಯದ ಕೆಲಸವು ನಿಂತುಹೋಯಿತು. ಸ್ವದೇಶದಲ್ಲಿ ಬಾಗಿಲು ಮುಚ್ಚಿದಾಗ ಕಾರ್ಖಾನೆಯನ್ನು ಉಳಿಸಿದವರು ತಮ್ಮಂದಿರು. ಕಾರ್ಲನು ರಷ್ಯದ ರಾಜಧಾನಿಗೆ ಹೋಗಿ ನೆಲಸಿ, ಆ ವಿಸ್ತಾರವಾದ ದೇಶದ ತಂತಿಗಳ ನಿರ್ಮಾಣವನ್ನು ೧೮೫೩ರಿಂದ ನಡೆಸಿದನು. ಕ್ರಿಮಿಯ ಯುದ್ಧದ ನಡುವೆಯೇ ೧೮೫೫ರಲ್ಲಿ ತಂತಿಯು ಸೆವಾಸ್ಟೊಪೋಲಿಗೆ ಮುಟ್ಟಿತು. ವಿಲ್‌ಹೆಲ್ಮನು ಇಂಗ್ಲೆಂಡಿನಲ್ಲಿ ವಿಲಿಯಂ ಎಂದು ಹೆಸರಾಗಿ ಅಲ್ಲಿಯ ಪ್ರಜೆಯೇ ಆದನು. ಫ್ರೀಡ್ರಿಕ್‌ನು ೧೮೫೬ರಲ್ಲಿ ಕುಲುಮೆಯ ಬಿಸಿ ಗಾಳಿಯು ವ್ಯರ್ಥವಾಗದಂತೆ ತಿರುಗಿ ಉಪಯೋಗಿಸುವ ವಿಧಾನವನ್ನು ಕಂಡುಹಿಡಿದನು. ಇವರೆಲ್ಲರ ನಡುವೆ ಓಡಾಡಿದ ಸಹಸ್ರಾರು ಕಾಗದಗಳು ಉಳಿದುಬಂದಿವೆ. ಅವುಗಳಲ್ಲಿ ತಾಮ್ರದ ಬೆಲೆಯೂ ಮಕ್ಕಳ ಕಾಯಿಲೆಯೂ ಒಂದೇ ಹಾಳೆಯ ಮೇಲೆ ಬರುವುವು.

೧೮೫೨ರಲ್ಲಿ ವೆರ್ನರನು ಕೇನಿಗ್ಸ್‌ಬರ್ಗಿನ ಚರಿತ್ರೆಯ ಪ್ರೊಫೆಸರನಾದ ಡ್ರೂಮನ್ನನ ಮಗಳನ್ನು ಮದುವೆಯಾದನು. ಆಕೆಯ ಹೆಸರೂ ಮಟಿಲ್ಡಾ. ಆರ್ನಾಲ್ಡ್, ವಿಲ್‌ಹೆಲ್ಮ್, ಅನ್ನಾ, ಕೇಟೆ ಎಂಬ ನಾಲ್ವರು ಮಕ್ಕಳಾದರು. ಆದರೆ ಕ್ಷಯರೋಗವು ಆ ತಾಯಿಯನ್ನು ಹಿಡಿಯಿತು. ಆಕೆಯು ಚಿಕಿತ್ಸೆಗಾಗಿ ದೂರದ ಊರುಗಳಲ್ಲಿ ತಿಂಗಳುಗಟ್ಟಲೆ ಇರಬೇಕಾಗುತ್ತಿತ್ತು; ಗಂಡನು ರಷ್ಯಕ್ಕೂ ಲಂಡನ್ನಿಗೂ ಸಮುದ್ರದ ಮೇಲೂ ತಿರುಗುತ್ತಿದ್ದನು. ದಾಂಪತ್ಯದ ಬಹು ಭಾಗವು ಕಾಗದದಲ್ಲಿಯೇ ಕಳೆಯಿತು. ೧೮೬೫ನೆಯ ಜುಲೈ ೧ರಂದು ಆಕೆಯು ತೀರಿಕೊಂಡಳು. ದೂರದೂರದ ಅರಸರ ಸಮಾಚಾರವನ್ನು ನಿಮಿಷಗಳಲ್ಲಿ ಮುಟ್ಟಿಸಿದವನಿಗೆ ತನ್ನ ಮನೆಯಲ್ಲಿ ಕುಳಿತುಕೊಳ್ಳುವುದಕ್ಕೆ ಹೊತ್ತು ಸಾಲದೆ ಹೋಯಿತು.

ಆ ತಿರುಗಾಟಗಳಲ್ಲಿ ೧೮೫೯ನೆಯ ವರ್ಷದ್ದು ವಿಚಿತ್ರವಾದುದು. ಕೆಂಪು ಸಮುದ್ರದಲ್ಲಿ ಇಂಡಿಯದ ಕಡೆಗೆ ಹಾಕುತ್ತಿದ್ದ ಬ್ರಿಟಿಷರ ತಂತಿಯ ಪರೀಕ್ಷೆಗಾಗಿ ಹೊರಟು, ಈಜಿಪ್ಟಿನಲ್ಲಿ ದೊಡ್ಡ ಪಿರಮಿಡ್ಡನ್ನು ಹತ್ತಿದನು. ಮರುಭೂಮಿಯ ಬಿಸಿಗಾಳಿ ಬೀಸುತ್ತಿರಲು, ಬೆರಳನ್ನೆತ್ತಿದರೆ ಸಣ್ಣ ಸದ್ದು ಕೇಳಿಸಿತು. ಗಾಳಿಯಲ್ಲಿ ವಿದ್ಯುತ್ತಿದೆಯೆಂದು ತಿಳಿದು, ದ್ರಾಕ್ಷಾರಸದ ಸೀಸೆಯೊಂದಕ್ಕೆ ಒದ್ದೆ ಕಾಗದವನ್ನು ಸುತ್ತಿ ಮೇಲಕ್ಕೆ ಹಿಡಿದನು. ಸೀಸೆಯಿಂದ ಕಿಡಿಗಳು ಹಾರಿದವು. ಇದು ಮಾಟವೆಂದು ಹೆದರಿ ದಾರಿತೋರುವವರ ಮುಖಂಡನು ಕೈಮಾಡಲು ಬಂದಾಗ, ವೆರ್ನರನು ಸೀಸೆಯ ತುದಿಯನ್ನು ಅವನ ಮೂಗಿಗೆ ಮುಟ್ಟಿಸಲು, ಆ ಗಟ್ಟಿಗನು ನೆಲಕ್ಕೆ ಬಿದ್ದನು. ಹಿಂದಿರುಗುವಾಗ ಮಾತ್ರ ಹಾಸ್ಯವಿರಲಿಲ್ಲ. ಆಲ್ಮಾ ಎಂಬ ಹಡಗು ಹವಳದ ಬಂಡೆಗೆ ಬಡಿದು ಒಡೆಯಿತು. ಬೆಂಕಿಯಂತಹ ಬಿಸಿಲಿನಲ್ಲಿ ನೀರಿಲ್ಲದ ಆ ಬಂಡೆಯ ಮೇಲೆ ಪ್ರಯಾಣಿಕರೆಲ್ಲರೂ ಕೆಲವು ದಿನ ಕಳೆದಮೇಲೆ ಬೇರೊಂದು ಹಡಗು ಬಂದು ಅವರನ್ನು ಉಳಿಸಿತು.

ಸಮುದ್ರದ ತಂತಿಗಳಲ್ಲಿ ಲಾಭವೂ ಅಪಾಯವೂ ಸಮನಾಗಿದ್ದವು. ೧೮೬೪ರಲ್ಲಿ ಸ್ಪೇನಿನ ಕಾರ್ತಹೇನದಿಂದ ಆಫ್ರಿಕದ ಓರಾನಿಗೆ ಹಾಕಿದ ತಂತಿಯು ಕಡಿದುಹೋಗಿ ಬಹಳ ಹಣವು ನೀರುಪಾಲಾಯಿತು. ಹಾಲ್ಸ್ಕೆಗೆ ಇದು ಸರಿಬೀಳಲಿಲ್ಲ. ತನ್ನ ಕೈಯಿಂದ ಅಂದವಾಗಿ ಯಂತ್ರಗಳನ್ನು ಮಾಡುವುದೇ ಆತನಿಗೆ ಪ್ರಿಯವಾದುದು. ಸೀಮೆನ್ಸ್ ಸಹೋದರರಾದರೋ ಒಬ್ಬನ ಸಾಹಸಕ್ಕೆ ಇನ್ನೊಬ್ಬನು ಹಣ ಕೊಡದೆ ಇರುತ್ತಿರಲಿಲ್ಲ. ೧೮೬೭ರಲ್ಲಿ ಹಾಲ್ಸ್ಕೆಯು ಹೊರಬಂದನು. ಸ್ನೇಹವು ಕೆಡಲಿಲ್ಲ. ಕಾರ್ಖಾನೆಯ ಹೆಸರಿನಲ್ಲಿ ಆತನ ಹೆಸರು ೧೯೬೬ರ ವರೆಗೂ ಉಳಿಯಿತು. ಆದರೂ ಆ ಮನೆಯಲ್ಲಿ ರಕ್ತಸಂಬಂಧವಿಲ್ಲದವನಿಗೆ ಎಷ್ಟು ಸ್ಥಳವಿದ್ದಿತೆಂಬುದು ಈ ಒಂದು ಸಂಗತಿಯಿಂದ ತಿಳಿಯುವುದು.

ನಮ್ಮ ದೇಶಕ್ಕೂ ಆ ಮನೆಗೂ ಸಂಬಂಧವುಂಟಾದುದು ಇದೇ ಕಾಲದಲ್ಲಿ. ಅದಕ್ಕೆ ಮುಂಚೆ ಲಂಡನ್ನಿನಿಂದ ಕಲ್ಕತ್ತೆಗೆ ಕಳುಹಿಸಿದ ತಂತಿ ಸಮಾಚಾರವು ನಾನಾ ರಾಜ್ಯಗಳ ಕೈಗೆ ಸಿಕ್ಕಿ, ಎಷ್ಟೋ ದಿನಗಳಾದ ಮೇಲೆ ಅರ್ಥವಾಗದಷ್ಟು ಕೆಟ್ಟು ಬರುತ್ತಿತ್ತು. ಸಹೋದರರು ಪ್ರಷ್ಯ, ರಷ್ಯ, ಪರ್ಷಿಯಗಳ ಅನುಮತಿಯನ್ನು ಪಡೆದು, ಲಂಡನ್ನಿನಿಂದ ಬರ್ಲಿನ್, ವಾರ್ಸಾ, ಒಡೆಸ್ಸಾ, ಟಿಫ್ಲಿಸ್, ತಬ್ರೀಜ್ ಮಾರ್ಗವಾಗಿ ತೆಹರಾನಿನ ವರೆಗೆ ಒಂದೇ ಆಡಳಿತದ ತಂತಿಯನ್ನು ಏರ್ಪಡಿಸಿದರು. ಅಲ್ಲಿಂದ ಮುಂದಕ್ಕೆ ಕರಾಚಿಗೂ ಕಲ್ಕತ್ತೆಗೂ ಇಂಡಿಯ ಸರ್ಕಾರದ ತಂತಿಗಳಿದ್ದವು. ಒಟ್ಟು ದೂರವು ಸುಮಾರು ೧೧,೦೦೦ ಕಿಲೋಮೀಟರು. ೧೮೭೦ನೆಯ ಏಪ್ರಿಲ್ ೧೨ರಂದು ಲಂಡನ್ನಿನಲ್ಲಿ ಅದರ ಪರೀಕ್ಷೆಯಾದಾಗ ಸಮಾಚಾರವು ೨೮ ನಿಮಿಷಗಳಲ್ಲಿ ಕಲ್ಕತ್ತೆಯನ್ನು ಮುಟ್ಟಿತು. ಈ ಮಾರ್ಗವು ೧೯೩೧ರ ವರೆಗೆ ನಡೆಯಿತು. ನಮ್ಮ ದೇಶದ ತಂತಿ ಸಮಾಚಾರದ ಸೇವೆಯೇ ೨೦೧೩ನೆಯ ಜುಲೈಯಲ್ಲಿ ನಿಂತಿತಾದುದರಿಂದ, ಬಾಗಿಲಲ್ಲಿ ತಂತಿಯವನನ್ನು ಕಂಡು ಎದೆ ನಡುಗಿದ ನೆನಪು ಇನ್ನು ಹಿರಿಯರಿಗೆ ಮಾತ್ರ.

ಆ ತಂತಿಗೆ ಮನೆಯವರು ತೆತ್ತ ಬೆಲೆಯೂ ಅಲ್ಪವಲ್ಲ. ತಮ್ಮನಾದ ವಾಲ್ಟರನು ಕಾಕಸಸ್ ಪರ್ವತಗಳ ಸೀಮೆಯಲ್ಲಿ ಟಿಫ್ಲಿಸಿನಲ್ಲಿದ್ದು ಈ ಕಾರ್ಯದಲ್ಲಿ ದುಡಿಯುತ್ತಿರಲು, ೧೮೬೮ರಲ್ಲಿ ಕುದುರೆಯಿಂದ ಬಿದ್ದು ಮೃತನಾದನು. ಅವನ ಸ್ಥಾನಕ್ಕೆ ಬಂದ ಕಿರಿಯವನಾದ ಆಟೋ ೧೮೭೧ರಲ್ಲಿ ಅಲ್ಲಿಯೇ ತೀರಿಕೊಂಡನು. ಅದೇ ಸೀಮೆಯ ಕೆದಾಬೆಗ್ ಎಂಬಲ್ಲಿ ವಾಲ್ಟರನ ಮಾತಿನ ಮೇಲೆ ೧೮೬೪ರಲ್ಲಿ ಕೊಂಡ ತಾಮ್ರದ ಗಣಿಯು ವರ್ಷಗಟ್ಟಲೆ ಹಣವನ್ನು ನುಂಗಿತು. ಬರಿಯ ವ್ಯಾಪಾರಿಯಾಗಿದ್ದರೆ ಆತನು ಅದನ್ನು ಎಂದೋ ಮಾರಿಬಿಡುತ್ತಿದ್ದನು. ಮಾರಲಿಲ್ಲ, ಮುಪ್ಪಿನಲ್ಲಿಯೂ ಆ ಬೆಟ್ಟಗಳಿಗೆ ಹೋಗಿ ನೋಡಿ ಬಂದನು.

ವಿಜ್ಞಾನದಲ್ಲಿ ಆತನ ಅತ್ಯಂತ ದೊಡ್ಡ ಕಾರ್ಯವು ೧೮೬೬ರದು. ಅಯಸ್ಕಾಂತದ ಶಾಶ್ವತ ತುಂಡುಗಳಿಲ್ಲದೆ, ಯಂತ್ರವು ತನ್ನಲ್ಲಿ ಹುಟ್ಟಿದ ಪ್ರವಾಹದಿಂದಲೇ ತನ್ನ ಕಾಂತಶಕ್ತಿಯನ್ನು ಹೆಚ್ಚಿಸಿಕೊಳ್ಳಬಲ್ಲುದೆಂದು ಆತನು ತೋರಿಸಿದನು. ಇಂಗ್ಲೆಂಡಿನಲ್ಲಿ ವೀಟ್‌ಸ್ಟನ್ ಮೊದಲಾದವರೂ ಅದೇ ಸಮಯದಲ್ಲಿ ಇದನ್ನೇ ಕಂಡಿದ್ದರೆಂಬುದನ್ನು ಮರೆಯಬಾರದು. ಡೈನಮೋ ಎಂಬ ಈ ಯಂತ್ರದಿಂದ ವಿದ್ಯುತ್ತು ಅಗ್ಗವಾಗಿ ದೊರೆಯುವಂತಾಯಿತು. ೧೮೭೯ರಲ್ಲಿ ಬರ್ಲಿನ್ನಿನ ವಸ್ತುಪ್ರದರ್ಶನದಲ್ಲಿ ಹೊಗೆಯೂ ಕುದುರೆಯೂ ಇಲ್ಲದ ಪುಟ್ಟ ರೈಲುಬಂಡಿಯನ್ನು ಓಡಿಸಿದಾಗ, ನಾಲ್ಕು ತಿಂಗಳಲ್ಲಿ ಸುಮಾರು ೮೬,೦೦೦ ಮಂದಿ ಅದರಲ್ಲಿ ಕುಳಿತು ಸುತ್ತಿ ಬಂದರು.

ಕಾರ್ಖಾನೆಗೆ ೨೫ ವರ್ಷ ತುಂಬಿದ ೧೮೭೨ರಲ್ಲಿ, ಇಂಥ ಕಾಯಿದೆಗಳು ಜರ್ಮನಿಯ ಸರ್ಕಾರದಲ್ಲಿ ಹುಟ್ಟುವುದಕ್ಕೆ ಬಹು ಮುಂಚೆಯೇ, ಪಾಲುದಾರರು ಕೆಲಸಗಾರರಿಗಾಗಿ ನಿಧಿಯೊಂದನ್ನು ಸ್ಥಾಪಿಸಿದರು. ಅದರಿಂದ ವೃದ್ಧರಿಗೆ ವಿಶ್ರಾಂತಿ ವೇತನ ಮಾತ್ರವಲ್ಲದೆ ವಿಧವೆಯರಿಗೂ ತಬ್ಬಲಿ ಮಕ್ಕಳಿಗೂ ಸಹಾಯ ದೊರೆಯಬೇಕೆಂದು ಏರ್ಪಟ್ಟಿತು. ಒಳ್ಳೆಯ ಕೆಲಸಗಾರನು ಬೇರೆ ಕಡೆಗೆ ಹೋಗದಿರಲೆಂಬ ಲೆಕ್ಕಾಚಾರವೂ ಇದರಲ್ಲಿದ್ದಿತು. ವೆರ್ನರನು ಅದನ್ನು ಮರೆಮಾಚಿದವನಲ್ಲ.

ಹಿಂದಿನ ಕಾಲದಲ್ಲಿ ಔಗ್ಸ್‌ಬರ್ಗಿನ ಫುಗ್ಗರ್ ಎಂಬ ವರ್ತಕ ಮನೆತನವು ಅರಸರಿಗೇ ಸಾಲ ಕೊಡುವಷ್ಟು ಪ್ರಬಲವಾಗಿತ್ತು. ಅಂಥ ಮನೆತನವೊಂದನ್ನು ಕಟ್ಟಬೇಕೆಂಬುದು ಯೌವನದಿಂದಲೂ ತನ್ನ ಆಸೆಯೆಂದು ವೆರ್ನರನು ಮುಪ್ಪಿನಲ್ಲಿ ಕಾರ್ಲನಿಗೆ ಬರೆದಿದ್ದಾನೆ. ಆದಕಾರಣವೇ ಹೊರಗಿನವರ ಬಂಡವಾಳವನ್ನೂ ಷೇರುಗಳನ್ನೂ ಆತನು ಕೊನೆಯ ವರೆಗೂ ದೂರವಿಟ್ಟನು. ಇದರಿಂದ ನಷ್ಟವಾಗಲಿಲ್ಲವೆಂದು ಹೇಳಲಾಗದು. ಎಮಿಲ್ ರಾಟೆನೌ ಎಂಬವನು ಷೇರುಗಳ ಹಣದಿಂದ ಕಟ್ಟಿದ ಹೊಸ ವಿದ್ಯುತ್ ಕಂಪೆನಿಯು ಹತ್ತು ವರ್ಷಗಳಲ್ಲಿಯೇ ಸರಿಸಮನಾಗಿ ಬೆಳೆದು ನಿಂತಿತು. ತಂದೆಯ ಮರಣದ ತರುವಾಯ ೧೮೯೭ರಲ್ಲಿ ಮನೆಯವರೂ ಷೇರುಗಳ ಕಂಪೆನಿಯನ್ನು ಮಾಡಲೇಬೇಕಾಯಿತು.

೧೮೬೯ರಲ್ಲಿ ಆತನು ಅಂತೋನಿ ಎಂಬ ದೂರದ ಬಂಧುವನ್ನು ಎರಡನೆಯ ಮದುವೆಯಾಗಿದ್ದನು. ಹೆರ್ತಾ, ಕಾರ್ಲ್ ಫ್ರೀಡ್ರಿಕ್ ಎಂಬ ಇಬ್ಬರು ಮಕ್ಕಳಾದರು. ಬೆಳಗಿನ ಜಾವ ಗಣಿತ ಕಲಿತ ವಿಲ್‌ಹೆಲ್ಮನು ಸರ್ ವಿಲಿಯಂ ಸೀಮೆನ್ಸ್ ಎಂಬ ಬಿರುದನ್ನು ಪಡೆದ ೧೮೮೩ರಲ್ಲಿಯೇ ಲಂಡನ್ನಿನಲ್ಲಿ ತೀರಿಕೊಂಡುದು ಅಣ್ಣನಿಗೆ ಬಲು ದೊಡ್ಡ ಪೆಟ್ಟಾಯಿತು. ೧೮೮೮ರಲ್ಲಿ ಚಕ್ರವರ್ತಿಯು ಆತನಿಗೂ ಕುಲೀನಪದವಿಯನ್ನು ಕೊಟ್ಟನು. ೧೮೯೦ರಲ್ಲಿ ಕಾರ್ಖಾನೆಯನ್ನು ಕಾರ್ಲನಿಗೂ ತನ್ನ ಮಕ್ಕಳಾದ ಆರ್ನಾಲ್ಡ್ ಮತ್ತು ವಿಲ್‌ಹೆಲ್ಮರಿಗೂ ಒಪ್ಪಿಸಿದನು.

ಹಾರ್ಟ್ಸ್‌ಬುರ್ಗ್ ಎಂಬ ಬೆಟ್ಟದ ಊರಿನಲ್ಲಿ ೧೮೮೯ನೆಯ ಬೇಸಗೆಯಿಂದ ಆತನು ತನ್ನ ಜೀವನದ ನೆನಪುಗಳನ್ನು ಬರೆಯತೊಡಗಿದ್ದನು. ಆ ಪುಸ್ತಕವು ಅಚ್ಚಾಗಿ ಹೊರಬಂದ ಕೆಲವೇ ದಿನಗಳಲ್ಲಿ, ೧೮೯೨ನೆಯ ಡಿಸೆಂಬರ್ ೬ರಂದು, ೭೬ ವರ್ಷ ತುಂಬುವುದಕ್ಕೆ ಒಂದು ವಾರವಿರುವಾಗ, ಬರ್ಲಿನ್ನಿನ ಬಳಿಯ ಶಾರ್ಲೊಟೆನ್‌ಬುರ್ಗಿನಲ್ಲಿ ಮರಣಹೊಂದಿದನು. ಪುಸ್ತಕದ ಮೊದಲ ಪುಟಗಳಲ್ಲಿ ಡೈನಮೋ ಇಲ್ಲ, ತಂತಿಯೂ ಇಲ್ಲ. ಪಾದ್ರಿಯ ಮನೆಯ ಬಾಗಿಲಲ್ಲಿ ಅಳುತ್ತಾ ನಿಂತ ಅಕ್ಕನೂ ಕತ್ತು ಚಾಚಿದ ಹೆಬ್ಬಾತೂ ಇವೆ.